ಬೀಟ್ ಮೊದಲು: ನನ್ನ ಪ್ರೀತಿಯ ಹಿಪ್-ಹಾಪ್ ಆಲ್ಬಮ್‌ಗಳು

ಹಿಪ್-ಹಾಪ್ ಅಂದರೆ ರ‍್ಯಾಪ್, ರ‍್ಯಾಪ್ ಅಂದರೆ ಉಸಿರು ಬಿಡದೆ ಮಾತಾಡುವುದು. ನಮ್ಮಲ್ಲಿ ಜಾಸ್ತಿ ಜನ ಹಾಗೇ ತಿಳಿದುಕೊಂಡಿದ್ದಾರೆ. ಸಿನಿಮಾ ಹಾಡಿನ ಮಧ್ಯೆ ಯಾರೋ ಎಂಟು ಸಾಲು ಗಡಗಡ ಹೇಳಿಬಿಟ್ಟರೆ ಸಾಕು, ಅದಕ್ಕೆ ಹಿಪ್-ಹಾಪ್ ಅನ್ನುವ ಹೆಸರು ಬೀಳುತ್ತದೆ. ಆದರೆ ನಿನಗೆ ಎಲ್ಲಕ್ಕಿಂತ ಇಷ್ಟವಾದ ಹಿಪ್-ಹಾಪ್ ಆಲ್ಬಮ್ ಯಾವುದು ಅಂತ ನನ್ನನ್ನು ಕೇಳಿದರೆ ನಾನು ಹೇಳುವುದು ಜೆ ಡಿಲ್ಲಾನ 'ಡೋನಟ್ಸ್'. ಅದರಲ್ಲಿ 31 ತುಣುಕುಗಳಿವೆ. ಯಾವುದರಲ್ಲೂ ಕೂತು ರ‍್ಯಾಪ್ ಮಾಡುವವರು ಇಲ್ಲ. ಹಾಗಿದ್ದರೆ ಅದು ಹಿಪ್-ಹಾಪ್ ಹೇಗಾಯಿತು ಅಂತ ಸ್ನೇಹಿತರು ಕೇಳುತ್ತಲೇ ಇರುತ್ತಾರೆ. ಅವರಿಗೆ ಚಹಾದ ಅಂಗಡಿ ಮುಂದೆ ನಿಂತು ಹೇಳುವ ಉತ್ತರ ಯಾವಾಗಲೂ ಅರ್ಧಕ್ಕೇ ನಿಲ್ಲುತ್ತದೆ, ಅದಕ್ಕೇ ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ನನ್ನ ಉತ್ತರ ಇದು. ಹಿಪ್-ಹಾಪ್‌ನಲ್ಲಿ ಬೀಟ್, ಅಂದರೆ ಡ್ರಮ್ಮು ಮತ್ತು ಅದರ ಜೊತೆ ತಿರುಗುವ ಸಂಗೀತದ ತುಣುಕು, ಮೊದಲು ಬರುತ್ತದೆ, ಮಿಕ್ಕಿದ್ದೆಲ್ಲ ಆಮೇಲೆ ಬಂದು ಅದರ ಮೇಲೆ ಕೂರುತ್ತದೆ. ನಾವು ಕೇಳಿ ಬೆಳೆದ ಹಾಡುಗಳಲ್ಲಿ ರಾಗ ಮೊದಲು ಹುಟ್ಟುತ್ತದೆ, ತಾಳ ಅದಕ್ಕೆ ಜೊತೆ ಕೊಡುತ್ತದೆ. ಹಾಡಿನ ಮಧ್ಯೆ ಕೆಲವೇ ಸೆಕೆಂಡು ಎಲ್ಲ ವಾದ್ಯ ನಿಂತು ಡ್ರಮ್ ಒಂದೇ ಉಳಿಯುವ ಜಾಗ ಇರುತ್ತದಲ್ಲ, ಗಾಯಕ ಉಸಿರು ತೆಗೆದುಕೊಳ್ಳುವ ಜಾಗ, ಅದಕ್ಕೆ ಬ್ರೇಕ್ ಅನ್ನುತ್ತಾರೆ. ಹಿಪ್-ಹಾಪ್ ಆ ಬ್ರೇಕನ್ನೇ ಇಡೀ ಹಾಡು ಮಾಡಿಬಿಟ್ಟಿತು.

ಇದು ನಾನು ಸುಮ್ನೆ ಹೇಳುತ್ತಿರುವ ಸಿದ್ಧಾಂತ ಅಲ್ಲ, ಅದರ ಹುಟ್ಟಿನ ಕಥೆಯೇ ಹಾಗಿದೆ. 1973ರ ಆಗಸ್ಟ್ 11, ನ್ಯೂಯಾರ್ಕಿನ ಬ್ರಾಂಕ್ಸ್, 1520 ಸೆಜ್‌ವಿಕ್ ಅವೆನ್ಯೂ ಅನ್ನುವ ಅಪಾರ್ಟ್‌ಮೆಂಟ್ ಕಟ್ಟಡ. ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆ ತೆಗೆದುಕೊಳ್ಳಲು ದುಡ್ಡು ಬೇಕು ಅಂತ ಸಿಂಡಿ ಕ್ಯಾಂಪ್‌ಬೆಲ್ ಅನ್ನುವ ಹುಡುಗಿ ಅಲ್ಲಿ ಪಾರ್ಟಿ ಇಟ್ಟಳು. ರೆಕಾರ್ಡ್ ಹಾಕಿದ್ದು ಅವಳ ಅಣ್ಣ ಕ್ಲೈವ್, ಜಮೈಕಾದ ಕಿಂಗ್‌ಸ್ಟನ್‌ನಿಂದ ಬಂದವನು, ಎಲ್ಲರೂ ಕರೆಯುತ್ತಿದ್ದದ್ದು ಡಿಜೆ ಕೂಲ್ ಹರ್ಕ್ ಅಂತ. ಕುಣಿಯುವ ಹುಡುಗರು ಹಾಡಿಗಿಂತ ಬ್ರೇಕಿಗೆ ಕಾಯುತ್ತಾರೆ ಅನ್ನುವುದು ಅವನ ಕಣ್ಣಿಗೆ ಬಿದ್ದಿತ್ತು. ಅದಕ್ಕೆ ಅವನು ಕಂಡುಕೊಂಡ ದಾರಿ ಏನು ಗೊತ್ತಾ? ಒಂದೇ ರೆಕಾರ್ಡಿನ ಎರಡು ಪ್ರತಿ ತಂದು ಎರಡು ಟರ್ನ್‌ಟೇಬಲ್ ಮೇಲೆ ಇಡುವುದು, ಒಂದರಲ್ಲಿ ಬ್ರೇಕ್ ಮುಗಿಯುತ್ತಿದ್ದ ಹಾಗೆ ಇನ್ನೊಂದರಲ್ಲಿ ಅದೇ ಬ್ರೇಕ್ ಶುರು ಮಾಡುವುದು, ಅಷ್ಟರಲ್ಲಿ ಮೊದಲನೆಯದನ್ನು ಹಿಂದಕ್ಕೆ ತಿರುಗಿಸುವುದು. ಜೇಮ್ಸ್ ಬ್ರೌನ್ ರೆಕಾರ್ಡಿನ ಬ್ರೇಕು ಹೀಗೆ ನಿಮಿಷಗಟ್ಟಲೆ ಓಡುತ್ತಿತ್ತು.

ಆ ಪಾರ್ಟಿಗಳಲ್ಲಿ ಮೈಕ್ ಹಿಡಿದಿದ್ದವನು ಅವನ ಗೆಳೆಯ ಕೋಕ್ ಲಾ ರಾಕ್. ಬಂದವರ ಹೆಸರು ಕೂಗುವುದು, ಎರಡು ಸಾಲು ಪ್ರಾಸ ಹೇಳಿ ಹುರುಪು ತುಂಬುವುದು, ಅವನ ಕೆಲಸ ಅಷ್ಟೇ. ರೆಕಾರ್ಡ್ ಹಾಕುವ ಡಿಜೆ ಯಜಮಾನ, ಮೈಕ್ ಹಿಡಿಯುವ ಎಂಸಿ ಜೊತೆಗಾರ. ಹಳೆಯ ಗುಂಪುಗಳ ಹೆಸರು ನೋಡಿ: ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಆಂಡ್ ದ ಫ್ಯೂರಿಯಸ್ ಫೈವ್, ಎರಿಕ್ ಬಿ ಆಂಡ್ ರಕೀಮ್, ಡಿಜೆ ಜ್ಯಾಝಿ ಜೆಫ್ ಆಂಡ್ ದ ಫ್ರೆಶ್ ಪ್ರಿನ್ಸ್. ರೆಕಾರ್ಡ್ ತಿರುಗಿಸುವವನ ಹೆಸರೇ ಮೊದಲು. ಈ ಕ್ರಮ ಉಲ್ಟಾ ಆಗುವುದಕ್ಕೆ ಶುರುವಾಗಿದ್ದು 1979ರಲ್ಲಿ, ಶುಗರ್‌ಹಿಲ್ ಗ್ಯಾಂಗಿನ 'ರ‍್ಯಾಪರ್ಸ್ ಡಿಲೈಟ್' ಬಂದಾಗ. ಷೀಕ್ ಬ್ಯಾಂಡಿನ 'ಗುಡ್ ಟೈಮ್ಸ್' ಹಾಡನ್ನು ಸ್ಟುಡಿಯೋದ ವಾದ್ಯಗಾರರ ಕೈಯಲ್ಲಿ ಮತ್ತೆ ನುಡಿಸಿ ಅದರ ಮೇಲೆ ರ‍್ಯಾಪ್ ಹೇಳಿಸಿದರು. ಡಿಜೆ ಆ ರೆಕಾರ್ಡಿನಲ್ಲಿ ಕಾಣೆಯಾಗಿದ್ದ. ಜಗತ್ತು ಮೊದಲು ಕೇಳಿದ್ದು ಅದನ್ನೇ ಆದ್ದರಿಂದ ಹಿಪ್-ಹಾಪ್ ಅಂದರೆ ರ‍್ಯಾಪ್ ಅಂತ ಆಗಿಹೋಯಿತು. ಸಿನಿಮಾ ಹಾಡಿನ ಎಂಟು ಸಾಲಿನ ತನಕ ಬಂದಿರುವುದು ಅದೇ ಎಳೆ ಅಂತ ನನಗೆ ಅನ್ನಿಸುತ್ತದೆ.

ಹಾಗಂತ ಮಾತಿಗೆ ಬೆಲೆ ಇಲ್ಲ ಅಂತ ನಾನು ಹೇಳುತ್ತಿಲ್ಲ. ಬೀಟ್ ಮೇಲೆ ಮಾತು ಹೇಗೆ ಕೂರಬೇಕು ಅನ್ನುವುದನ್ನು ಬದಲಾಯಿಸಿದವನು ರಕೀಮ್, 1987ರ 'ಪೇಯ್ಡ್ ಇನ್ ಫುಲ್' ಆಲ್ಬಮ್‌ನಲ್ಲಿ. ಅವನಿಗಿಂತ ಮುಂಚೆ ಜಾಸ್ತಿ ಜನ ಸಾಲಿನ ಕೊನೆಗೆ ಪ್ರಾಸ ಇಟ್ಟು ಜೋರಾಗಿ ಕೂಗುತ್ತಿದ್ದರು. ಇವನು ದನಿ ಏರಿಸಲಿಲ್ಲ. ಪ್ರಾಸವನ್ನು ಸಾಲಿನ ಒಳಗೆ ತಂದ, ಒಂದು ವಾಕ್ಯವನ್ನು ಸಾಲಿನ ಕೊನೆಗೆ ನಿಲ್ಲಿಸದೆ ಮುಂದಿನ ಸಾಲಿಗೆ ಹರಿಸಿದ. ಅವನು ಸ್ಯಾಕ್ಸೋಫೋನ್ ನುಡಿಸುತ್ತಿದ್ದವನು, ಜ್ಯಾಝ್ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್‌ನಿಂದ ಕಲಿತೆ ಅಂತ ಅವನೇ ಹೇಳಿಕೊಂಡಿದ್ದಾನೆ. ಕನ್ನಡ ಓದಿದವರಿಗೆ ಇದು ಬೇಗ ಅರ್ಥವಾಗುತ್ತದೆ. ನಮ್ಮ ಹಳೆಯ ಕಾವ್ಯದಲ್ಲಿ ಪ್ರಾಸ ಸಾಲಿನ ಕೊನೆಯಲ್ಲಿಲ್ಲ, ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿದೆ. ಕುಮಾರವ್ಯಾಸನ ಷಟ್ಪದಿಯಲ್ಲಿ ಆರು ಸಾಲಿನ ತಲೆಯಲ್ಲೂ ಒಂದೇ ವ್ಯಂಜನ ಬಡಿಯುತ್ತದೆ, ಆಮೇಲೆ ವಾಕ್ಯ ತನಗೆ ಬೇಕಾದ ಕಡೆ ಹರಿದುಕೊಂಡು ಹೋಗುತ್ತದೆ. ಗಮಕಿಗಳು ಓದುವಾಗ ಕಿವಿ ಕೊಟ್ಟು ಕೇಳಿದವರಿಗೆ ರಕೀಮ್ ಮಾಡಿದ್ದು ಯಾಕೆ ದೊಡ್ಡದು ಅಂತ ನಾನು ಹೇಳಿಕೊಡಬೇಕಾಗಿಲ್ಲ.

ಇನ್ನು 'ದ ಲೋ ಎಂಡ್ ಥಿಯರಿ'. ಎ ಟ್ರೈಬ್ ಕಾಲ್ಡ್ ಕ್ವೆಸ್ಟ್, 1991. ಡ್ರಮ್ ಮತ್ತು ಬೇಸ್, ಅದರ ಮೇಲೆ ಇಬ್ಬರು ಗೆಳೆಯರ ಮಾತು. ಬೇರೇನೂ ಬೇಕಿಲ್ಲ ಅಂತ ತೋರಿಸಿಕೊಟ್ಟ ಆಲ್ಬಮ್. ಕ್ಯೂ-ಟಿಪ್ ದನಿ ಮೃದು, ಮೂಗಿನಿಂದ ಬರುತ್ತದೆ. ಫೈಫ್ ಡಾಗ್ ದನಿ ಚುರುಕು, ಜಗಳಕ್ಕೆ ಬಂದ ಹಾಗೆ. ಒಬ್ಬ ಬಿಟ್ಟ ಕಡೆ ಇನ್ನೊಬ್ಬ ಹಿಡಿಯುತ್ತಾನೆ. ಮೊದಲ ಹಾಡಿನಲ್ಲಿ ಆರ್ಟ್ ಬ್ಲೇಕಿಯ ಜ್ಯಾಝ್ ರೆಕಾರ್ಡಿನಿಂದ ತೆಗೆದ ಬೇಸ್ ಒಂಟಿಯಾಗಿ ಶುರುವಾಗುತ್ತದೆ, ಕ್ಯೂ-ಟಿಪ್ ಮಾತು ಶುರು ಮಾಡುತ್ತಾನೆ, ಡ್ರಮ್ ಇನ್ನೂ ಬಂದಿರುವುದಿಲ್ಲ, ನೀವು ತಲೆ ಆಡಿಸುವುದಕ್ಕೆ ರೆಡಿಯಾಗಿ ಕಾಯುತ್ತಾ ಇರುತ್ತೀರಿ, ಆಗ ಬಂದು ಬೀಳುತ್ತದೆ ನೋಡಿ ಡ್ರಮ್! ಇನ್ನೊಂದು ಹಾಡಿಗೆ ಜ್ಯಾಝ್‌ನ ದೊಡ್ಡ ಬೇಸ್ ವಾದಕ ರಾನ್ ಕಾರ್ಟರ್ ಸ್ವತಃ ಬಂದು ನುಡಿಸಿದ್ದಾರೆ. ಒಳ್ಳೆಯ ಹೆಡ್‌ಫೋನ್ ಇಲ್ಲದೆ ಇದನ್ನು ಕೇಳಬೇಡಿ, ಫೋನಿನ ಸ್ಪೀಕರಿನಲ್ಲಿ ಅರ್ಧ ಆಲ್ಬಮ್ ಕಾಣೆಯಾಗುತ್ತದೆ.

'ಇಲ್‌ಮ್ಯಾಟಿಕ್' ಬಗ್ಗೆ ಬರೆಯದೆ ಇಂಥ ಪೋಸ್ಟ್ ಮುಗಿಯುವುದಿಲ್ಲ. ಅದನ್ನು ಮಾಡಿದ ರ‍್ಯಾಪರ್ ನಾಸ್ ಹುಟ್ಟಿದ್ದು 1973ರ ಸೆಪ್ಟೆಂಬರಿನಲ್ಲಿ, ಹರ್ಕ್‌ನ ಆ ಪಾರ್ಟಿ ಆಗಿ ಒಂದು ತಿಂಗಳಿಗೆ. ಅಂದರೆ ಹಿಪ್-ಹಾಪ್ ವಯಸ್ಸೇ ಅವನ ವಯಸ್ಸು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬೆಳೆದದ್ದು ಕ್ವೀನ್ಸ್‌ಬ್ರಿಜ್ ಅನ್ನುವ ಸರ್ಕಾರಿ ವಸತಿ ಕಟ್ಟಡಗಳಲ್ಲಿ. 1994ರ ಏಪ್ರಿಲ್‌ನಲ್ಲಿ ಆಲ್ಬಮ್ ಬಂದಾಗ ಅವನಿಗೆ 20 ವರ್ಷ. ಪೂರ್ತಿ ಆಲ್ಬಮ್ ಸುಮಾರು 40 ನಿಮಿಷ, ಪೀಠಿಕೆ ಬಿಟ್ಟರೆ ಒಂಬತ್ತೇ ಹಾಡು, ಎಜೆಡ್ ಅನ್ನುವ ಒಬ್ಬನನ್ನು ಬಿಟ್ಟರೆ ಬೇರೆ ರ‍್ಯಾಪರ್ ಇಲ್ಲ. ನ್ಯೂಯಾರ್ಕಿನ ಒಳ್ಳೊಳ್ಳೆಯ ಬೀಟ್‌ಗಾರರು ಒಂದರಿಂದ ಮೂರರ ತನಕ ಹಾಡು ಮಾಡಿಕೊಟ್ಟರು: ಡಿಜೆ ಪ್ರೀಮಿಯರ್, ಪೀಟ್ ರಾಕ್, ಲಾರ್ಜ್ ಪ್ರೊಫೆಸರ್, ಕ್ಯೂ-ಟಿಪ್, ಎಲ್.ಇ.ಎಸ್. ಪೀಟ್ ರಾಕ್ ಅಹ್ಮದ್ ಜಮಾಲ್ ಅವರ ಪಿಯಾನೋದ ಒಂದು ತುಣುಕು ತೆಗೆದುಕೊಂಡು ತಿರುಗಿಸಿದ್ದಾನೆ, ಅದು ಬಂದಾಗ ಆ ಕಟ್ಟಡಗಳ ಮೇಲೆ ಬಿಸಿಲು ಬಿದ್ದ ಹಾಗೆ ಆಗುತ್ತದೆ. ಪ್ರೀಮಿಯರ್ ಪಿಯಾನೋದ ಇನ್ನೊಂದು ತುಣುಕಿನಿಂದ ಕತ್ತಲೆ ತರುತ್ತಾನೆ. ಒಂದು ಹಾಡಿನ ಕೊನೆಯಲ್ಲಿ ಕಾರ್ನೆಟ್ ಅನ್ನುವ ತುತ್ತೂರಿ ನುಡಿಸಿರುವುದು ನಾಸ್‌ನ ಅಪ್ಪ ಓಲು ದಾರಾ, ಅವರು ಜ್ಯಾಝ್ ವಾದಕರು. ಆ ಕಾರ್ನೆಟ್ ಮೇಲೆ ಮಾತು ಇಲ್ಲ. ಮಗ ಸುಮ್ಮನಾಗಿ ಅಪ್ಪನಿಗೆ ಜಾಗ ಬಿಟ್ಟಿದ್ದಾನೆ.

ಇದರಲ್ಲಿ ನನಗೆ ತುಂಬಾ ಇಷ್ಟ 'ಒನ್ ಲವ್'. ಜೈಲಿನಲ್ಲಿರುವ ಗೆಳೆಯನಿಗೆ ಬರೆದ ಪತ್ರದ ಹಾಗೆ ಇರುವ ಹಾಡು. ಊರಿನಲ್ಲಿ ಏನೇನಾಯಿತು, ಯಾರು ಯಾರ ಜೊತೆ ಸೇರಿಕೊಂಡರು, ನಿನ್ನ ಮಗು ನಿನ್ನ ಹಾಗೇ ಇದೆ, ಹೀಗೆ ಸಾಗುತ್ತದೆ. ಅಲ್ಲಿ ಒಂದು ಕಡೆಯೂ ಇವನು ದನಿ ಏರಿಸಿ ಅಳುವುದಿಲ್ಲ. ಬೀಟ್ ಬದಲಾಗುವುದಿಲ್ಲ, ತಿರುಗಿದ್ದೇ ತಿರುಗುತ್ತದೆ, ಸುದ್ದಿ ಮಾತ್ರ ಬದಲಾಗುತ್ತಾ ಹೋಗುತ್ತದೆ. ಒಂದೇ ತುಣುಕು ಮತ್ತೆ ಮತ್ತೆ ಬಂದರೆ ಬೋರ್ ಆಗುವುದಿಲ್ಲವಾ ಅಂತ ಕೇಳುವವರಿಗೆ ನಾನು ಈ ಹಾಡು ಹಾಕಿ ಕೊಡುತ್ತೇನೆ. ಹಿಂದೆ ಏನೂ ಬದಲಾಗದೆ ಇರುವುದರಿಂದಲೇ ಮುಂದಿನ ಮಾತಿನ ಒಂದೊಂದು ಸಣ್ಣ ಏರಿಳಿತವೂ ಕೇಳಿಸುತ್ತದೆ.

ಅದಕ್ಕೆ ಐದಾರು ತಿಂಗಳ ಮುಂಚೆ, 1993ರ ನವೆಂಬರ್ 9ರಂದು ಬಂದಿದ್ದು ವು-ಟ್ಯಾಂಗ್ ಕ್ಲ್ಯಾನ್‌ನ 'ಎಂಟರ್ ದ ವು-ಟ್ಯಾಂಗ್'. ಒಂಬತ್ತು ಜನ, ಸ್ಟೇಟನ್ ಐಲೆಂಡ್, ಹಳೆಯ ಕುಂಗ್-ಫು ಸಿನಿಮಾಗಳ ಸಂಭಾಷಣೆ, ಧೂಳು ಹಿಡಿದ ಹಾಗೆ ಕೇಳುವ ಡ್ರಮ್. ಆರ್‌ಝಡ್‌ಎ ಅನ್ನುವ ಗುಂಪಿನವನೇ ಮಾಡಿದ ಬೀಟ್‌ಗಳು ಬೇಕಂತಲೇ ಒರಟಾಗಿವೆ. ಇದರಲ್ಲಿರುವ ಒಂದು ಹಾಡಿಗೆ ಗ್ಲ್ಯಾಡಿಸ್ ನೈಟ್ ಹಾಡಿದ ಹಳೆಯ ಹಾಡಿನ ತುಣುಕು ಬಳಸಿದ್ದಾರೆ. ಐದು ವರ್ಷ ಆದ ಮೇಲೆ ಗಾಯಕಿ, ರ‍್ಯಾಪರ್ ಲಾರಿನ್ ಹಿಲ್ ಆ ವು-ಟ್ಯಾಂಗ್ ಹಾಡನ್ನೇ ತುಣುಕಾಗಿ ತೆಗೆದುಕೊಂಡು 'ಎಕ್ಸ್-ಫ್ಯಾಕ್ಟರ್' ಮಾಡಿದಳು. ಅವಳ ಆಲ್ಬಮ್ 'ದ ಮಿಸ್‌ಎಜುಕೇಶನ್ ಆಫ್ ಲಾರಿನ್ ಹಿಲ್' 1998ರಲ್ಲಿ ಬಂತು, ಮರುವರ್ಷ ಐದು ಗ್ರ್ಯಾಮಿ ಗೆದ್ದಿತು, ವರ್ಷದ ಆಲ್ಬಮ್ ಪ್ರಶಸ್ತಿ ಪಡೆದ ಮೊದಲ ಹಿಪ್-ಹಾಪ್ ಆಲ್ಬಮ್ ಅದೇ. ಅದರಲ್ಲಿ ರ‍್ಯಾಪ್‌ಗಿಂತ ಹಾಡುವುದೇ ಜಾಸ್ತಿ, ಆದ್ದರಿಂದ ಅದು ಆರ್ ಆಂಡ್ ಬಿ ಅನ್ನುವ ಹಾಡುಗಾರಿಕೆಯ ಸಂಗೀತ ಅಂತ ವಾದ ಮಾಡುವವರು ಈಗಲೂ ಇದ್ದಾರೆ. ನಾನು ಒಪ್ಪುವುದಿಲ್ಲ. 'ಎಕ್ಸ್-ಫ್ಯಾಕ್ಟರ್' ಪೂರ್ತಿ ಹಾಡಿರುವ ಹಾಡು, ನಿಜ. ಆದರೆ ಹಾಡಿಗೆ ನೆಲ ಯಾವುದು? ಗ್ಲ್ಯಾಡಿಸ್ ನೈಟ್ ರೆಕಾರ್ಡಿನಿಂದ ಆರ್‌ಝಡ್‌ಎ ಕತ್ತರಿಸಿದ್ದು, ಅದರಿಂದ ಲಾರಿನ್ ಮತ್ತೆ ಕತ್ತರಿಸಿದ್ದು. ಬೀಟ್ ಮೊದಲಿತ್ತು, ಅವಳ ದನಿ ಆಮೇಲೆ ಬಂದು ಕೂತಿತು. ಈ ಆಲ್ಬಮ್‌ನ ಕೆಲವು ಭಾಗ ರೆಕಾರ್ಡ್ ಆಗಿದ್ದು ಕಿಂಗ್‌ಸ್ಟನ್‌ನ ಟಫ್ ಗಾಂಗ್ ಸ್ಟುಡಿಯೋದಲ್ಲಿ, ಹರ್ಕ್‌ನ ಊರಿನಲ್ಲಿ.

ಈ ಕತ್ತರಿಸುವ ವಿಷಯಕ್ಕೆ ಬಂದರೆ ಕಳ್ಳತನದ ಮಾತು ಬಂದೇ ಬರುತ್ತದೆ. ಬೇರೆಯವರ ರೆಕಾರ್ಡ್ ತೆಗೆದುಕೊಂಡು ತನ್ನದು ಅನ್ನುವುದು ಯಾವ ಸಂಗೀತ ಅಂತ ಕೇಳುತ್ತಾರೆ. 1989ರಲ್ಲಿ ಡಿ ಲಾ ಸೋಲ್ ಗುಂಪು 'ತ್ರೀ ಫೀಟ್ ಹೈ ಆಂಡ್ ರೈಸಿಂಗ್' ಮಾಡಿದಾಗ ಕೈಗೆ ಸಿಕ್ಕಿದ್ದನ್ನೆಲ್ಲ ಬಳಸಿದ್ದರು, ಫಂಕ್, ರಾಕ್, ಭಾಷೆ ಕಲಿಸುವ ರೆಕಾರ್ಡು, ಏನು ಬೇಕಾದರೂ. ದ ಟರ್ಟಲ್ಸ್ ಬ್ಯಾಂಡಿನವರು ಕೇಸ್ ಹಾಕಿದರು, ಕೋರ್ಟಿನ ಹೊರಗೆ ರಾಜಿಯಾಯಿತು. 1991ರಲ್ಲಿ ರ‍್ಯಾಪರ್ ಬಿಜ್ ಮಾರ್ಕಿ ವಿರುದ್ಧದ ಇನ್ನೊಂದು ಕೇಸಿನಲ್ಲಿ ನ್ಯೂಯಾರ್ಕಿನ ಜಡ್ಜ್ ತೀರ್ಪು ಶುರು ಮಾಡಿದ್ದೇ ಕದಿಯಬಾರದು ಅನ್ನುವ ಬೈಬಲ್ ಮಾತಿನಿಂದ. ಅಲ್ಲಿಂದ ಮುಂದೆ ಪ್ರತಿ ತುಣುಕಿಗೂ ಅನುಮತಿ, ಪ್ರತಿ ಅನುಮತಿಗೂ ದುಡ್ಡು. ಒಂದು ಹಾಡಿನಲ್ಲಿ ಹತ್ತು ಹದಿನೈದು ತುಣುಕು ಸೇರಿಸುವ ಕಾಲ ಮುಗಿಯಿತು. ಡಿ ಲಾ ಸೋಲ್‌ನ ಹಳೆಯ ಆಲ್ಬಮ್‌ಗಳು ಸ್ಟ್ರೀಮಿಂಗ್‌ಗೆ ಬಂದಿದ್ದು 2023ರ ಮಾರ್ಚ್‌ನಲ್ಲಿ, ಗುಂಪಿನ ಮೂವರಲ್ಲಿ ಒಬ್ಬನಾದ ಟ್ರುಗೋಯ್ ಫೆಬ್ರವರಿಯಲ್ಲಿ ತೀರಿಕೊಂಡಿದ್ದ. ಕೆಲವು ವಾರ ಬೇಗ ಬಂದಿದ್ದರೆ ಅವನು ನೋಡುತ್ತಿದ್ದ.

ದುಡ್ಡು ಕೊಡಬೇಕು ಅನ್ನುವುದರಲ್ಲಿ ನನಗೆ ತಕರಾರಿಲ್ಲ. ಯಾರಿಗೆ ಹೋಗುತ್ತದೆ ಅನ್ನುವುದು ನನ್ನ ಸಂಕಟ. ಜೇಮ್ಸ್ ಬ್ರೌನ್‌ನ 'ಫಂಕಿ ಡ್ರಮ್ಮರ್' ಹಾಡಿನ ಬ್ರೇಕು ಸಾವಿರಾರು ಹಾಡುಗಳಲ್ಲಿದೆ. ಅದನ್ನು ಬಾರಿಸಿದವನು ಕ್ಲೈಡ್ ಸ್ಟಬಲ್‌ಫೀಲ್ಡ್. ಹಾಡು ಬರೆದವನ ಹೆಸರಿನಲ್ಲಿ ಹಕ್ಕು ಇರುತ್ತದೆ, ರೆಕಾರ್ಡ್ ಕಂಪನಿಯ ಹೆಸರಿನಲ್ಲಿ ಹಕ್ಕು ಇರುತ್ತದೆ, ಡ್ರಮ್ ಬಾರಿಸಿದವನ ಹೆಸರಿನಲ್ಲಿ ಇರುವುದಿಲ್ಲ. 2017ರಲ್ಲಿ ತೀರಿಕೊಳ್ಳುವ ತನಕ ಆ ಬ್ರೇಕಿನಿಂದ ಅವನಿಗೆ ಬಂದದ್ದು ತೀರಾ ಕಡಿಮೆ. ಇನ್ನೊಂದು ಪ್ರಸಿದ್ಧ ಬ್ರೇಕು ದ ವಿನ್‌ಸ್ಟನ್ಸ್ ಗುಂಪಿನ 1969ರ 'ಆಮೆನ್, ಬ್ರದರ್' ಹಾಡಿನದು. ಅದನ್ನು ಬಾರಿಸಿದ ಗ್ರೆಗರಿ ಕೋಲ್‌ಮನ್ 2006ರಲ್ಲಿ ಅಟ್ಲಾಂಟಾದಲ್ಲಿ ಸತ್ತಾಗ ಅವನಿಗೆ ಇರಲು ಮನೆ ಇರಲಿಲ್ಲ. ಹಿಪ್-ಹಾಪ್ ಪ್ರೀತಿಸುವ ನಮ್ಮಂಥವರು ಈ ಎರಡು ಹೆಸರನ್ನಾದರೂ ನೆನಪಿಡಬೇಕು.

ಈಗ ರ‍್ಯಾಪ್ ಇಲ್ಲದ ಆಲ್ಬಮ್‌ಗಳಿಗೆ ಬರೋಣ. ಡಿಜೆ ಶ್ಯಾಡೋ 1996ರಲ್ಲಿ 'ಎಂಡ್‌ಟ್ರೊಡ್ಯೂಸಿಂಗ್' ಮಾಡಿದ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಹಳೆಯ ರೆಕಾರ್ಡಿನ ಅಂಗಡಿಯ ನೆಲಮಾಳಿಗೆಯಲ್ಲಿ ಕೂತು ಯಾರಿಗೂ ಬೇಡವಾದ ರೆಕಾರ್ಡ್‌ಗಳನ್ನು ಹುಡುಕಿ, ತುಣುಕುಗಳನ್ನು ಹಿಡಿದಿಟ್ಟು ಗುಂಡಿ ಒತ್ತಿ ನುಡಿಸುವ ಅಕಾಯ್ ಎಂಪಿಸಿ ಅನ್ನುವ ಪೆಟ್ಟಿಗೆಯಲ್ಲಿ ಹಾಕಿ, ತುಣುಕುಗಳಿಂದಲೇ ಇಡೀ ಆಲ್ಬಮ್ ಕಟ್ಟಿದ. ಉತ್ತರ ಕರ್ನಾಟಕದಲ್ಲಿ ಹಳೆಯ ಸೀರೆ ಧೋತ್ರ ಕೂಡಿಸಿ ಕೌದಿ ಹೊಲಿಯುತ್ತಾರಲ್ಲ, ಅದೇ ಕೆಲಸ. ಹಳೆಯ ಬಟ್ಟೆಯ ಗುರುತೂ ಸಿಗುತ್ತದೆ, ಹೊಲಿದವರ ಕೈಯೂ ಕಾಣುತ್ತದೆ. ಇದು ಹಿಪ್-ಹಾಪ್ ಅಲ್ಲ, ಎಲೆಕ್ಟ್ರಾನಿಕ್ ಅಂತ ಅಂಗಡಿಗಳಲ್ಲಿ ಬೇರೆ ಕಪಾಟಿನಲ್ಲಿ ಇಡುತ್ತಿದ್ದರಂತೆ. ಹರ್ಕ್ ಎರಡು ಟರ್ನ್‌ಟೇಬಲ್‌ನಲ್ಲಿ ಮಾಡಿದ್ದಕ್ಕೂ ಇದಕ್ಕೂ ಒಂದೇ ವಂಶ. ಇದಕ್ಕಿಂತ ಹಿಪ್-ಹಾಪ್ ಆಗಿರುವ ಆಲ್ಬಮ್ ಸಿಗುವುದು ಕಷ್ಟ.

ಇನ್ನು 'ಡೋನಟ್ಸ್'. ಜೆ ಡಿಲ್ಲಾ, ಪೂರ್ತಿ ಹೆಸರು ಜೇಮ್ಸ್ ಯಾನ್ಸಿ, ಡೆಟ್ರಾಯಿಟ್‌ನವನು. ರಕ್ತದ ಒಂದು ಅಪರೂಪದ ಕಾಯಿಲೆ, ಜೊತೆಗೆ ಲೂಪಸ್. 2006ರ ಫೆಬ್ರವರಿ 7ರಂದು, ಅವನ 32ನೇ ಹುಟ್ಟಿದ ಹಬ್ಬದ ದಿನ ಆಲ್ಬಮ್ ಬಿಡುಗಡೆಯಾಯಿತು. ಮೂರು ದಿನಕ್ಕೆ ಅವನು ತೀರಿಕೊಂಡ. ಈ ವಿಷಯ ಗೊತ್ತಿದ್ದು ಕೇಳಿದರೆ ಎಲ್ಲದರಲ್ಲೂ ಸಾವು ಕಾಣುತ್ತದೆ, ಅದಕ್ಕೇ ಮೊದಲ ಸಲ ಕೇಳುವವರಿಗೆ ನಾನು ಏನೂ ಹೇಳದೆ ಹಾಕಿ ಕೊಡುತ್ತೇನೆ. ಅಷ್ಟು ಖುಷಿಯ ಆಲ್ಬಮ್ ಅದು. ಜಾಸ್ತಿ ತುಣುಕುಗಳು ಒಂದು ನಿಮಿಷ, ಒಂದೂವರೆ ನಿಮಿಷ. ಮನಸ್ಸು ಹತ್ತುವ ಹೊತ್ತಿಗೆ ಮುಗಿದು ಇನ್ನೊಂದು ಶುರುವಾಗಿರುತ್ತದೆ. ಮೊದಲ ತುಣುಕಿನ ಹೆಸರೇ 'ಔಟ್ರೋ', ಅಂದರೆ ಮುಕ್ತಾಯ, ಕೊನೆಯ ತುಣುಕು ಮುಗಿಯುವ ಜಾಗ ಹೋಗಿ ಮೊದಲನೆಯದಕ್ಕೆ ಸೇರಿಕೊಳ್ಳುತ್ತದೆ, ಹಾಗಾಗಿ ರಿಪೀಟ್‌ನಲ್ಲಿ ಹಾಕಿದರೆ ಎಲ್ಲಿ ಮುಗಿಯಿತು ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ.

ಇದರಲ್ಲಿ 'ಡೋಂಟ್ ಕ್ರೈ' ಅಂತ ಒಂದು ತುಣುಕು ಇದೆ. ದ ಎಸ್ಕಾರ್ಟ್ಸ್ ಅನ್ನುವ ಗುಂಪಿನ ಹಾಡಿನಿಂದ ಮಾಡಿದ್ದು. ಆ ಗುಂಪು ಹುಟ್ಟಿದ್ದು ನ್ಯೂಜೆರ್ಸಿಯ ರಾವೇ ಜೈಲಿನಲ್ಲಿ, ಹಾಡಿದವರೆಲ್ಲ ಅಲ್ಲಿನ ಕೈದಿಗಳು. ಡಿಲ್ಲಾ ಮೊದಲು ಆ ಹಾಡನ್ನು ಇದ್ದ ಹಾಗೇ ಸ್ವಲ್ಪ ಹೊತ್ತು ಕೇಳಿಸುತ್ತಾನೆ, ನೋಡಿ, ನನ್ನ ಕೈಗೆ ಬಂದಿದ್ದು ಇದು ಅನ್ನುವ ಹಾಗೆ. ಆಮೇಲೆ ಕತ್ತರಿಸುತ್ತಾನೆ. ನೀನು ಅಳುವುದನ್ನು ನೋಡಲಾರೆ ಅಂತ ಹಾಡುತ್ತಿದ್ದ ದನಿಗಳು ಚೂರುಚೂರಾಗಿ, ಅಕ್ಷರ ಅರ್ಧಕ್ಕೆ ತುಂಡಾಗಿ, ಬೇರೆ ಕ್ರಮದಲ್ಲಿ ಕೂತು, ಇನ್ನೂ ಜಾಸ್ತಿ ಅಳು ಬರಿಸುವ ಹಾಗೆ ಆಗುತ್ತವೆ. ಎರಡೇ ನಿಮಿಷ. ಹಿಪ್-ಹಾಪ್ ಅಂದರೆ ಏನು ಅಂತ ಒಬ್ಬರಿಗೆ ತೋರಿಸಬೇಕಾದರೆ ನಾನು ಈ ತುಣುಕನ್ನೇ ಆರಿಸುತ್ತೇನೆ, ಯಾಕೆಂದರೆ ಮೊದಲು ಹೇಗಿತ್ತು ಆಮೇಲೆ ಏನಾಯಿತು ಎರಡೂ ಒಂದೇ ಕಡೆ ಕೇಳಿಸುತ್ತದೆ. ಡಿಲ್ಲಾ ಡ್ರಮ್ ಬಗ್ಗೆ ಇನ್ನೊಂದು ಮಾತು. ಯಂತ್ರ ತಪ್ಪನ್ನು ತಾನೇ ಸರಿಮಾಡಿ ಪ್ರತಿ ಪೆಟ್ಟನ್ನೂ ಲೆಕ್ಕಕ್ಕೆ ಕೂರಿಸುತ್ತದೆ. ಇವನು ಅದಕ್ಕೆ ಬಿಡುತ್ತಿರಲಿಲ್ಲ. ಒಂದು ಪೆಟ್ಟು ಕೂದಲೆಳೆಯಷ್ಟು ಬೇಗ, ಇನ್ನೊಂದು ಸ್ವಲ್ಪ ತಡ. ಅವನು ಬಳಸಿದ ಎಂಪಿಸಿ ಈಗ ವಾಷಿಂಗ್ಟನ್‌ನಲ್ಲಿರುವ ಆಫ್ರಿಕನ್ ಅಮೆರಿಕನ್ನರ ಇತಿಹಾಸದ ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿದೆ.

ಹಾಗಾದರೆ ಯಾವುದು ಹಿಪ್-ಹಾಪ್ ಅಲ್ಲ? ಔಟ್‌ಕಾಸ್ಟ್‌ನ 2003ರ ಜೋಡಿ ಆಲ್ಬಮ್ ತೆಗೆದುಕೊಳ್ಳಿ. ಬಿಗ್ ಬಾಯ್ ಮಾಡಿದ ಅರ್ಧ 'ಸ್ಪೀಕರ್‌ಬಾಕ್ಸ್' ಪಕ್ಕಾ ಹಿಪ್-ಹಾಪ್. ಆಂಡ್ರೆ 3000 ಮಾಡಿದ ಅರ್ಧ 'ದ ಲವ್ ಬಿಲೋ' ಹಾಗಲ್ಲ. 'ಹೇ ಯಾ' ಜಗತ್ತೆಲ್ಲ ಕುಣಿದ ಹಾಡು, ನನಗೂ ಇಷ್ಟ, ಆದರೆ ಅದನ್ನು ಎಳೆದುಕೊಂಡು ಹೋಗುವುದು ಗಿಟಾರ್ ಮತ್ತು ರಾಗ. ಡ್ರಮ್ ಹಿಂದೆ ಓಡಿ ಬರುತ್ತದೆ. ಅದೇ ಆಂಡ್ರೆ 2023ರಲ್ಲಿ ಕೊಳಲಿನ ಆಲ್ಬಮ್ ತಂದ, ರ‍್ಯಾಪ್ ಆಲ್ಬಮ್ ಮಾಡಬೇಕು ಅಂತಲೇ ಇದ್ದೆ, ಗಾಳಿ ಈ ಕಡೆ ಬೀಸಿತು ಅಂತ ಮೊದಲ ಹಾಡಿನ ಹೆಸರಿನಲ್ಲೇ ಹೇಳಿಬಿಟ್ಟ. ಆ ಪ್ರಾಮಾಣಿಕತೆ ನನಗೆ ಹಿಡಿಸಿತು. ನನಗೆ ಬೇಕಾದ ಔಟ್‌ಕಾಸ್ಟ್ 1998ರ 'ಅಕ್ವೆಮಿನಿ', ಅಟ್ಲಾಂಟಾದ ಬಿಸಿಲು, ತುತ್ತೂರಿ, ನಿಧಾನ ಎಲ್ಲ ಅದರಲ್ಲಿದೆ.

ಕಾನ್ಯೆ ವೆಸ್ಟ್‌ನ 2008ರ 'ಏಯ್ಟ್ ಓ ಏಯ್ಟ್ಸ್ ಆಂಡ್ ಹಾರ್ಟ್‌ಬ್ರೇಕ್' ಬಂದಾಗ ರ‍್ಯಾಪ್ ಬಿಟ್ಟು ದನಿಯ ಸ್ವರ ತಿದ್ದುವ ಆಟೋಟ್ಯೂನ್‌ನಲ್ಲಿ ಹಾಡಿದ್ದಾನೆ ಅಂತ ತುಂಬಾ ಜನ ಬೈದರು. ಅದು ಹಿಪ್-ಹಾಪ್ ಅಂತಲೇ ನನ್ನ ವಾದ. ಹೆಸರಿನಲ್ಲೇ ರೋಲ್ಯಾಂಡ್ ಕಂಪನಿಯ 808 ಅನ್ನುವ ಡ್ರಮ್ ಯಂತ್ರ ಇದೆ, ಹಾಡೆಲ್ಲ ಆ ಯಂತ್ರದ ಗುಡುಗಿನ ಮೇಲೆ ನಿಂತಿದೆ. ಕೆಂಡ್ರಿಕ್ ಲಮಾರ್‌ನ 2015ರ 'ಟು ಪಿಂಪ್ ಎ ಬಟರ್‌ಫ್ಲೈ' ನನ್ನ ಅಳತೆಗೆ ಜಾಸ್ತಿ ಕಷ್ಟ ಕೊಡುತ್ತದೆ. ಅಲ್ಲಿ ಕಮಾಸಿ ವಾಷಿಂಗ್ಟನ್, ಥಂಡರ್‌ಕ್ಯಾಟ್, ರಾಬರ್ಟ್ ಗ್ಲಾಸ್ಪರ್‌ರಂಥ ಜ್ಯಾಝ್‌ನವರು ಎದುರು ಕೂತು ನುಡಿಸಿದ್ದಾರೆ, ಕೆಲವು ಕಡೆ ಬ್ರೇಕು ಇಲ್ಲ, ತಿರುಗಿ ತಿರುಗಿ ಬರುವ ಲೂಪ್ ಇಲ್ಲ. ಆದರೂ ಅದನ್ನು ನಾನು ಒಳಗೇ ಇಡುತ್ತೇನೆ. ವಾದ್ಯಗಳು ಅಷ್ಟು ಓಡಾಡುವಾಗ ಕೆಂಡ್ರಿಕ್‌ನ ನಾಲಿಗೆಯೇ ಡ್ರಮ್ಮಿನ ಕೆಲಸ ಮಾಡುತ್ತದೆ, ಮಿಕ್ಕವರು ಅದನ್ನು ಹಿಡಿದುಕೊಂಡು ನುಡಿಸುತ್ತಾರೆ.

ಇದಕ್ಕೆ ಉಲ್ಟಾ, ಲಂಡನ್ನಿನ ಡಿಜ್ಜಿ ರಾಸ್ಕಲ್‌ನ 2003ರ 'ಬಾಯ್ ಇನ್ ಡ ಕಾರ್ನರ್'. ಪೂರ್ತಿ ಮಾತು, ಆದರೂ ಹಿಪ್-ಹಾಪ್ ಅಲ್ಲ, ಗ್ರೈಮ್. ಅದರ ಅಪ್ಪ ಅಮ್ಮ ಲಂಡನ್ನಿನ ಗರಾಜ್ ಮತ್ತು ಜಂಗಲ್ ಅನ್ನುವ ಕುಣಿತದ ಸಂಗೀತಗಳು. ಹತ್ತಿರದ ನೆಂಟ ಅನ್ನಬಹುದು, ಮನೆ ಬೇರೆ. ಸಿನಿಮಾ ಹಾಡಿನ ಮಧ್ಯದ ಎಂಟು ಸಾಲಿಗೂ ನಾನು ಹೇಳುವುದು ಇದನ್ನೇ. ಅಲ್ಲಿ ರಾಗ ಮೊದಲೇ ಕೂತಿದೆ, ಪಲ್ಲವಿ ಚರಣ ಆಗಿದೆ, ರ‍್ಯಾಪ್ ಬಂದು ಹೋಗುವ ಅತಿಥಿ. ಹಾಡು ಚೆನ್ನಾಗಿರಬಹುದು, ಅದು ಬೇರೆ ಮಾತು.

ನಮ್ಮ ದೇಶದ ಸಂಗೀತಕ್ಕೂ ಇದಕ್ಕೂ ಹಳೆಯ ನಂಟಿದೆ. 2002ರಲ್ಲಿ ಟ್ರುತ್ ಹರ್ಟ್ಸ್ ಹಾಡಿದ 'ಅಡಿಕ್ಟಿವ್' ಅಮೆರಿಕದಲ್ಲಿ ಹಿಟ್ ಆಯಿತು. ಅದರಲ್ಲಿ ತಿರುಗುವುದು 1981ರ ಹಿಂದಿ ಸಿನಿಮಾ 'ಜ್ಯೋತಿ'ಗೆ ಲತಾ ಮಂಗೇಶ್ಕರ್ ಹಾಡಿದ ಹಾಡು. ರ‍್ಯಾಪ್ ಮಾಡಿದವನು ನಾನು ಮೇಲೆ ಹೇಳಿದ ರಕೀಮೇ. ಅನುಮತಿ ಕೇಳಿರಲಿಲ್ಲ. ಆ ಹಾಡಿಗೆ ಸಂಗೀತ ಕೊಟ್ಟ ಬಪ್ಪಿ ಲಾಹಿರಿ ಹೆಸರು ಹಾಕುವ ತನಕ ಮಾರಬಾರದು ಅಂತ ಲಾಸ್ ಏಂಜಲೀಸ್ ಕೋರ್ಟು ಆದೇಶ ಕೊಟ್ಟಿತು. ಮ್ಯಾಡ್‌ಲಿಬ್ ಅಂತೂ 2007ರಲ್ಲಿ ಭಾರತದ ಸಿನಿಮಾ ರೆಕಾರ್ಡ್‌ಗಳಿಂದಲೇ ಒಂದು ಬೀಟ್ ಆಲ್ಬಮ್ ಮಾಡಿದ. ಎಂಎಫ್ ಡೂಮ್ ಅನ್ನುವ ರ‍್ಯಾಪರ್ ಜೊತೆ ಸೇರಿ 2004ರಲ್ಲಿ 'ಮ್ಯಾಡ್‌ವಿಲನಿ' ಮಾಡಿದವನು ಇವನೇ. ಅದರ ಬಗ್ಗೆ ಬರೆದರೆ ಇನ್ನೊಂದು ಪೋಸ್ಟ್ ಆಗುತ್ತದೆ.

ಬೆಂಗಳೂರಿನವರಿಗೆ ಇದೇನೂ ಹೊಸದಲ್ಲ. ಬ್ರೋಧ ವಿ 2012ರಲ್ಲಿ 'ಆತ್ಮ ರಾಮ' ಮಾಡಿದಾಗ ಭಜನೆಯನ್ನು ಬೀಟ್ ಮೇಲೆ ತಂದಿದ್ದ. 2024ರಲ್ಲಿ 'ಬಿಗ್ ಡಾಗ್ಸ್' ಹಾಡಿನಿಂದ ಜಗತ್ತಿಗೆಲ್ಲ ಗೊತ್ತಾದ ಹನುಮಾನ್‌ಕೈಂಡ್ ಕೂಡ ಈ ಊರಿನಲ್ಲೇ ಹೆಸರು ಮಾಡಿದ ರ‍್ಯಾಪರ್, ಹುಟ್ಟಿದ್ದು ಕೇರಳ, ದೊಡ್ಡವನಾಗಿದ್ದು ಹ್ಯೂಸ್ಟನ್. ಇವರಿಬ್ಬರೂ ಇಂಗ್ಲಿಷ್‌ನಲ್ಲಿ. ಕನ್ನಡದಲ್ಲಿ ಆಲ್ ಓಕೆ, ಎಂಸಿ ಬಿಜ್ಜು, ರಾಹುಲ್ ಡಿಟ್ಟೊ ಇದ್ದಾರೆ, ಇವರ ಹಿಂದೆ ಇನ್ನೂ ಚಿಕ್ಕ ಹುಡುಗ ಹುಡುಗಿಯರು ಬರುತ್ತಿದ್ದಾರೆ. ಕನ್ನಡದಲ್ಲಿ ರ‍್ಯಾಪ್ ಮಾಡುವವರಿಗೆ ಒಂದು ಕಷ್ಟ ಇದೆ. ನಮ್ಮ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಬಂದೆ, ತಂದೆ, ತಿಂದೆ, ಅಂದೆ. ಕೊನೆಯ ಪ್ರಾಸ ಬೇಡ ಅಂದರೂ ಸಿಗುತ್ತದೆ, ಅಷ್ಟು ಸುಲಭವಾಗಿ ಸಿಕ್ಕಿದ್ದಕ್ಕೆ ಕಿವಿ ನಿಲ್ಲುವುದಿಲ್ಲ. ಅದಕ್ಕೇ ಎಷ್ಟೋ ಕನ್ನಡ ರ‍್ಯಾಪ್ ಹಾಡು ಎರಡನೇ ಚರಣದ ಹೊತ್ತಿಗೆ ಒಂದೇ ಥರ ಕೇಳುತ್ತದೆ. ಕ್ರಿಯಾಪದವನ್ನು ಮುಂದಕ್ಕೆ ತಂದು, ಪ್ರಾಸವನ್ನು ಸಾಲಿನ ತಲೆಗೋ ಹೊಟ್ಟೆಗೋ ಇಟ್ಟು, ಒತ್ತಕ್ಷರಗಳನ್ನು ಸ್ನೇರ್ ಡ್ರಮ್ ಬೀಳುವ ಜಾಗಕ್ಕೇ ಬೀಳಿಸಿದರೆ ಬೇರೆಯೇ ಶಬ್ದ ಬರುತ್ತದೆ. ಕೆಲವರು ಮಾಡುತ್ತಿದ್ದಾರೆ, ಕೇಳಿದ ತಕ್ಷಣ ಗೊತ್ತಾಗುತ್ತದೆ.

ನನಗೆ ಬೇಕಾಗಿರುವುದು ಕನ್ನಡದ ಒಂದು ಪೂರ್ತಿ ಆಲ್ಬಮ್. ಸಿಂಗಲ್ ಅಲ್ಲ, ವಿಡಿಯೋ ಅಲ್ಲ, 40 ನಿಮಿಷ ಒಂದೇ ಉಸಿರಿನಲ್ಲಿ ಕೇಳುವಂಥದ್ದು. ತಮಟೆಯ ಒಂದು ಪೆಟ್ಟು, ಹಳೆಯ ನಾಟಕದ ರೆಕಾರ್ಡಿನ ಹಾರ್ಮೋನಿಯಂ ತುಣುಕು, ಆಕಾಶವಾಣಿಯ ಜನಪದ ಗೀತೆಯ ದನಿ, ಹುಡುಕಿದರೆ ಮನೆಮನೆಯ ಅಟ್ಟದಲ್ಲಿ ಎಷ್ಟು ಸಾಮಾನು ಇದೆ ಅಲ್ವಾ? ಅನುಮತಿ ತೆಗೆದುಕೊಂಡು, ಬಾರಿಸಿದವರ ಹೆಸರು ಹಾಕಿ, ಅವರಿಗೂ ದುಡ್ಡು ಕೊಟ್ಟು ಮಾಡಲಿ. ಮೊದಲ ದಿನವೇ ನಾನು ಕೊಳ್ಳುತ್ತೇನೆ.

ಈ ಸಂಗೀತಕ್ಕೆ ಹೊಸಬರಾಗಿದ್ದರೆ 'ಡೋನಟ್ಸ್'ನಿಂದ ಶುರು ಮಾಡಿ, ಅದಕ್ಕೆ ಭಾಷೆಯ ಹಂಗಿಲ್ಲ. ಆಮೇಲೆ 'ದ ಲೋ ಎಂಡ್ ಥಿಯರಿ', ಅದಾದ ಮೇಲೆ ಲಾರಿನ್ ಹಿಲ್. ವು-ಟ್ಯಾಂಗ್‌ಗೆ ಆತುರ ಬೇಡ. 'ಇಲ್‌ಮ್ಯಾಟಿಕ್' ಮಾತ್ರ ಬಸ್ಸಿನಲ್ಲಿ ಹೋಗುತ್ತಾ ಕೇಳಬೇಡಿ. ಒಂದು ಸಲ ಬರೀ ಬೀಟ್ ಕೇಳಿ, ಇನ್ನೊಂದು ಸಲ ಸಾಲುಗಳನ್ನು ಎದುರಿಗೆ ಇಟ್ಟುಕೊಂಡು ಕೇಳಿ, ಅರ್ಥವಾಗದ ಬೀದಿ ಮಾತು ಬಂದ ಕಡೆ ನಿಲ್ಲಿಸಿ ಹುಡುಕಿಕೊಳ್ಳಿ. ಒಂದು ಭಾನುವಾರ ಬೆಳಿಗ್ಗೆ ಸಾಕು.